ಅತ್ತೆಯ ಮೈಲಿಗೆ

ನಮ್ಮ ಅಲ್ಲಾಳಸಂದ್ರದ ಮನೆಯಲ್ಲಿ ಯಾವ ದಿನ ಬೇಕಾದರೂ ದೇವರ ಕೋಣೆಗೆ ಹೋಗಬಹುದಾದ ಹೆಂಗಸು ಒಬ್ಬರೇ, ನಮ್ಮತ್ತೆ ಮುನಿಕೆಂಪಮ್ಮ. ಅವರ ಮುಟ್ಟು ನಿಂತು ಆರೇಳು ವರ್ಷವಾಗಿತ್ತು. ಆವತ್ತಿನಿಂದ ದೀಪ, ಹೂವು, ತಂಬಿಟ್ಟು ಎಲ್ಲ ಅವರದೇ ದರ್ಬಾರು. ಸೊಸೆ ಶಿಲ್ಪ, ಅಂದರೆ ನಾನು, ತಿಂಗಳಿಗೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಆಫೀಸಿನ ಕೆಲಸ ಮಾಡಬೇಕು. ಲ್ಯಾಪ್‌ಟಾಪಿಗೆ ಮಾತ್ರ ಮೈಲಿಗೆ ಇಲ್ಲವಂತೆ. ಸಂಬಳ ಬರುತ್ತದಲ್ಲ!

ಶ್ರಾವಣದಲ್ಲಿ ಒಂದು ದಿನ ಅತ್ತೆ ಬಚ್ಚಲಲ್ಲಿ ಹಳೇ ಸೀರೆಯ ತುಂಡು ಒಗೆಯುತ್ತಿದ್ದರು. ನೀರು ಕೆಂಪಗಿತ್ತು.

"ಮೂಲವ್ಯಾಧಿ ಕಣಮ್ಮಿ," ಅಂದರು.

"ಅತ್ತೆ, ನನಗೆ ಗೊತ್ತಾಗಲ್ವಾ?"

ಅತ್ತುಬಿಟ್ಟರು. ಯುಗಾದಿಯಿಂದಲೇ ಆಗಾಗ ಕಾಣಿಸುತ್ತಿತ್ತಂತೆ. "ಯಾರ್ಗೂ ಹೇಳ್ಬೇಡ. ಮತ್ತೆ ಮುಟ್ಟು ಬಂದೈತೆ. ಇಂಗೇ ದೇವ್ರ ಮನೇಗ್ ಓಗ್ಬಿಟ್ಟಿದ್ದೀನಿ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ನಿಂತಿದ್ದು ಮತ್ತೆ ಬಂದ್ರೆ ಒಳ್ಳೇದಲ್ಲ. ನಾಳೇನೇ ಡಾಕ್ಟರ್ ಹತ್ರ ಹೋಗೋಣ."

"ದೇವ್ರು ಸಿಕ್ಸೆ ಕೊಟ್ಟವ್ನೆ. ಡಾಕ್ಟ್ರು ಏನ್ ಮಾಡಾರು?"

ಅವರು ಒಪ್ಪಲಿಲ್ಲ. ಸಂಜೆ ಮಾವ ಆನಂದಪ್ಪನವರಿಗೆ ಹೇಳಿದೆ. ಕಾರು ತೆಗೆಯುತ್ತಾರೆ ಅಂದುಕೊಂಡಿದ್ದೆ. ಪುರೋಹಿತರನ್ನು ಕರೆಸಿದರು. ದೇವರ ಕೋಣೆಗೆಲ್ಲ ಗಂಜಲ ಚಿಮುಕಿಸಿ ಶುದ್ಧಿ ಮಾಡಿಸಿದರು. ಅತ್ತೆಯನ್ನು ಹಿತ್ತಿಲ ಕೋಣೆಗೆ ಕಳಿಸಿದರು.

"ಆಸ್ಪತ್ರೆ?" ಅಂದೆ.

"ಹಬ್ಬ ಕಳೀಲಮ್ಮ. ಹೆಂಗಸರಿಗೆ ಇದೆಲ್ಲ ಇದ್ದದ್ದೇ."

ಗಂಡ ಮುನೀಂದ್ರನನ್ನು ಕೇಳಿದರೆ, "ಅಪ್ಪ ಹೇಳಿದ್ರಲ್ಲ" ಅಂದ. ನಮ್ಮಲ್ಲಿ ಹಬ್ಬಗಳಿಗೇನು ಬರವೇ? ವರಮಹಾಲಕ್ಷ್ಮಿ ಹೋಯಿತು, ಗೌರಿ ಬಂತು. ಆಮೇಲೆ ಪಿತೃಪಕ್ಷ, ಒಳ್ಳೇ ದಿನವಲ್ಲ ಅಂದರು. ಅತ್ತೆ ಬಿಳಿಚಿಕೊಂಡರು. ನನ್ನ ಮೂರು ದಿನ ಮುಗಿದರೆ ನಾನು ಎದ್ದು ಒಳಗೆ ಬರುತ್ತಿದ್ದೆ. ಅವರದು ಮುಗಿಯುತ್ತಲೇ ಇರಲಿಲ್ಲ.

ಆಯುಧ ಪೂಜೆಯ ಮಾರನೇ ದಿನ ತಲೆಸುತ್ತಿ ಮೆಟ್ಟಿಲ ಮೇಲೆ ಬಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಆಟೋ ಹತ್ತಿಸಿಕೊಂಡು ಆರ್.ಟಿ. ನಗರದ ಡಾಕ್ಟರ್ ಮುಸರ್ರತ್ ಹತ್ತಿರ ಕರೆದೊಯ್ದೆ. ಸ್ಕ್ಯಾನ್ ಆಯಿತು. ಗರ್ಭಕೋಶದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನವೂ ನಾವಿಬ್ಬರೇ ಹೋದೆವು.

"ಯಾಕಮ್ಮಾ ಇಷ್ಟು ತಡ ಮಾಡಿದ್ರಿ?" ಅಂದರು ಡಾಕ್ಟರ್. "ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಒಂದ್ ಹನಿ ಕಂಡ್ರೂ ತಕ್ಷಣ ಬರ್ಬೇಕು. ಅದು ಮುಟ್ಟಲ್ಲ. ನಿಮಗೆ ಗರ್ಭಕೋಶದಲ್ಲಿ ಕ್ಯಾನ್ಸರ್ ಇದೆ, ಆಚೆಗೂ ಹರಡಿದೆ. ಮೊದಲೇ ಬಂದಿದ್ರೆ ಬಹುಶಃ ಆಪರೇಷನ್ನಲ್ಲೇ ಮುಗಿದುಹೋಗ್ತಿತ್ತು."

ಅತ್ತೆ ಕುರ್ಚಿಯ ತುದಿಗೆ ಸರಿದರು.

"ಮುಟ್ಟಲ್ವಾ ಡಾಕ್ಟ್ರಮ್ಮ?"

"ಅಲ್ಲಮ್ಮ."

"ಒಂದ್ ದಿವ್ಸಾನೂ ಅಲ್ವಾ?"

"ಒಂದು ದಿನಾನೂ ಅಲ್ಲ."

ಅತ್ತೆಯ ಮುಖ ಅರಳಿತು. ಡಾಕ್ಟರಿಗೆ ಕೈಮುಗಿದರು. ನನಗೆ ಕಿರುಚಿಕೊಳ್ಳುವಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಆಚೆ ಬಂದವರೇ ಅತ್ತೆ ನನ್ನ ಕೈಯಿಂದ ಮಾವನಿಗೆ ಫೋನು ಮಾಡಿಸಿ, ಇಸಿದುಕೊಂಡರು.

"ಕೇಳುಸ್ತಾ? ನಾನ್ ಮೈಲಿಗೆ ಆಗೇ ಇರ್ನಿಲ್ವಂತೆ ಕಣ್ರೀ!"

"ಸದ್ಯ!" ಮಾವನ ದನಿ ನನಗೂ ಕೇಳಿಸಿತು. "ದೇವರು ದೊಡ್ಡೋನು."

ಫೋನು ಕಿತ್ತುಕೊಂಡು, ಉಳಿದದ್ದನ್ನು ನಾನು ಹೇಳಿದೆ.