ಕರಡು ತಿದ್ದುವವರ ಕೊನೆಯ ಪುಟ

ನನ್ನ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಸಹಾಯಕಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇವರು ಅಚ್ಚಾದ ಹಾಳೆಯಲ್ಲಿ ತಪ್ಪು ಹುಡುಕುವುದು. ಊರವರ ತಪ್ಪೆಲ್ಲ ಇವರ ಕಣ್ಣಿಗೆ ಬೀಳುತ್ತಿತ್ತು, ತಮ್ಮದೊಂದು ಬಿಟ್ಟು. ಒಂದು ಸಂಜೆ ಮಗಳ ಕೈ ಹಿಡಿದು ಊಟದ ಡಬ್ಬಿ ಕೊಡಲು ಹೋದರೆ, ಆ ಸಹಾಯಕಿ ಇವರ ತೊಡೆಯ ಮೇಲಿದ್ದಳು.

ಮನೆಗೆ ಬಂದಮೇಲೆ ಕೇಳಿದೆ. "ಅಲ್ಲಿ ಯಾರೂ ಇರ್ಲಿಲ್ಲ. ನಿಂಗೆ ಭ್ರಮೆ," ಅಂದರು.

"ನಾನೂ ನೋಡ್ದೆ ಅಪ್ಪ," ಅಂದಳು ಮಗಳು.

"ನೀನು ಕನಸು ಕಂಡಿದೀಯ ಪುಟ್ಟಿ."

ವರ್ಷಗಟ್ಟಲೆ ಇದೇ ಪಾಠ. ಕೊನೆಗೆ ನನ್ನ ಕಣ್ಣನ್ನು ನಾನೇ ನಂಬದ ಹಾಗಾಯಿತು. ತಲೆ ಸರಿಯಿಲ್ಲವೆಂದು ಮಾತ್ರೆ ಬೇರೆ ನುಂಗಿಸಿದರು.

ಈಗ ಅವರ ಕಣ್ಣೇ ಹೋಗಿದೆ. ಉಳಿದಿರುವುದು ನೆನಪು, ಅದರ ಮೇಲಿನ ಜಂಬ. ತಾವೇ ತಿದ್ದಿದ್ದ ಹಳೆಯ ವೈಜ್ಞಾನಿಕ ಕಾದಂಬರಿಯೊಂದನ್ನು ಓದಿ ಹೇಳು ಎಂದು ಗಂಟುಬಿದ್ದರು. ಅದರಲ್ಲಿ ಒಬ್ಬ ಗುಮಾಸ್ತನಿಗೆ ತನ್ನ ಊರು, ಮನೆ, ಆಕಾಶ ಎಲ್ಲವೂ ಯಂತ್ರವೊಂದು ಹುಟ್ಟಿಸಿದ ಸುಳ್ಳು ಎಂದು ಗೊತ್ತಾಗುತ್ತದೆ. ಕೊನೆಯಲ್ಲಿ ಎಲ್ಲ ಕರಗಿಹೋಗಿ, ಹೆಂಡತಿಯ ಕೈ ಮಾತ್ರ ಅವನ ಕೈಯಲ್ಲಿ ಉಳಿಯುತ್ತದೆ. ಅವಳೊಬ್ಬಳೇ ನಿಜ.

ಓದುತ್ತಾ ನಾನು ಮೊದಲು ಗುಮಾಸ್ತನ ಮನೆ ಬಾಗಿಲಿನ ಬಣ್ಣ ಬದಲಿಸಿದೆ.

"ನೀಲಿ ಅಲ್ವೇನೇ?"

"ಹಸಿರು ಅಂತಿದೆ."

ಮರುದಿನ ಗುಮಾಸ್ತನ ಅಣ್ಣನನ್ನು ಸಾಯಿಸಿದೆ. ಇವರ ಹಣೆ ಬೆವರಿತು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು.

ಕೊನೆಯ ಪುಟ ಬಂತು. "ಎಲ್ಲ ಕರಗಿತು. ಅವನು ಹೆಂಡತಿಗಾಗಿ ಕೈ ಚಾಚಿದ. ಅಲ್ಲಿ ಯಾರೂ ಇರಲಿಲ್ಲ," ಎಂದು ಓದಿದೆ.

"ಸುಳ್ಳು! ಅವಳ ಕೈ ಇರತ್ತೆ. ನಾನೇ ತಿದ್ದಿದೀನಿ ಆ ಪುಟಾನ!"

"ನಿಮಗೆ ಭ್ರಮೆ," ಅಂದೆ.

ಮಗಳು ಬರುವವರೆಗೂ ಇವರು ಊಟ ಮುಟ್ಟಲಿಲ್ಲ. ಅವಳು ಬಂದದ್ದೇ ತಡ, ಪುಸ್ತಕವನ್ನು ಅವಳ ಕೈಗೆ ತುರುಕಿದರು. "ಕೊನೇ ಪುಟ ಓದಮ್ಮ ಪುಟ್ಟಿ. ಅಲ್ಲಿ ಯಾರೂ ಇರಲಿಲ್ಲ ಅಂತಿದೆಯಂತೆ. ನಿಮ್ಮಮ್ಮ ಹೇಳೋದೇ ನಿಜ ಆದ್ರೆ, ನನ್ ತಲೆ ಕೆಟ್ಟಿದೆ ಅಂತ್ಲೇ ಅರ್ಥ."

ಮಗಳು ಪುಟವನ್ನು ಮನಸ್ಸಿನಲ್ಲೇ ಓದಿಕೊಂಡಳು. ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಓದಿದಳು: "ಅಲ್ಲಿ ಯಾರೂ ಇರಲಿಲ್ಲ."

"ಸರಿಯಾಗಿ ನೋಡು ಪುಟ್ಟಿ."

"ಅಷ್ಟೇ ಇರೋದು ಅಪ್ಪ. ನೀವು ಕನಸು ಕಂಡಿರ್ಬೇಕು."

ಅವರು ಗಾಳಿಯಲ್ಲಿ ಕೈ ತಡಕಾಡುತ್ತಾ ನನ್ನ ಹೆಸರು ಹಿಡಿದು ಕರೆದರು, ಮಗಳನ್ನು ಕರೆದರು. ನಾವಿಬ್ಬರೂ ಅಲ್ಲೇ ಎದುರಿಗೆ, ಉಸಿರು ಬಿಗಿಹಿಡಿದು ಕೂತಿದ್ದೆವು.