ಏನಂತೀರಿ?

ಯಾವ ಮಾತಾಡಿದರೂ ಕೊನೆಗೊಂದು ‘ಏನಂತೀರಿ?’ ಸೇರಿಸದೆ ನನ್ನ ಹೆಂಡತಿಗೆ ಮಾತು ಮುಗಿಯುತ್ತಿರಲಿಲ್ಲ. ಮೋಡ ಕಟ್ಟಿದೆ, ಏನಂತೀರಿ? ಹಾಲು ಒಡೆದುಹೋಯಿತು, ಏನಂತೀರಿ? ಒಡೆದ ಹಾಲಿಗೆ ನಾನೇನು ಅನ್ನಲಿ?

ನಮ್ಮದು ಹೊಲಿಗೆ ಅಂಗಡಿ. ಅಳತೆ ತೆಗೆದು ಬಟ್ಟೆ ಕತ್ತರಿಸುವವಳು ಅವಳು, ಹೊಲಿಯುವವನು ನಾನು. ತೋಳು ಎರಡು ಬೆರಳು ಗಿಡ್ಡ ಮಾಡೋಣ, ಏನಂತೀರಿ ಎಂದು ಗಿರಾಕಿಯನ್ನು ಕೇಳುವಳು. ಅವರು ಬಾಯಿ ತೆರೆಯುವುದರೊಳಗೆ ಕತ್ತರಿ ಆಡಿರುತ್ತಿತ್ತು. ಬೀದಿಯವರು ಅವಳಿಗೆ ‘ಏನಂತೀರಮ್ಮ’ ಎಂದೇ ಹೆಸರಿಟ್ಟಿದ್ದರು. ಎದುರಿನ ಗಡಿಯಾರ ರಿಪೇರಿಯವನು ನನ್ನನ್ನು ಕಂಡಾಗಲೆಲ್ಲ, "ಏನಂತಾರೆ ನಿಮ್ಮ ಏನಂತೀರಮ್ಮ?" ಎಂದು ಕೆಣಕುತ್ತಿದ್ದ. ನಾನು ನಕ್ಕಂತೆ ಮಾಡಿ ಯಂತ್ರ ತುಳಿಯುತ್ತಿದ್ದೆ. ಒಳಗೊಳಗೇ ಮೈ ಉರಿಯುತ್ತಿತ್ತು.

ಒಂದು ದಿನ ತುಂಬಿದ ಅಂಗಡಿಯಲ್ಲಿ ತಾಳ್ಮೆ ಕೆಟ್ಟು, ಆ ಮಾತು ಇನ್ನೊಂದು ಸಲ ಬಂದರೆ ಎದ್ದು ಹೋಗುತ್ತೇನೆ ಎಂದು ಗದರಿದೆ. ಅವಳು ಕತ್ತರಿ ಕೆಳಗಿಟ್ಟು ತಲೆಯಾಡಿಸಿದಳು. ಆಮೇಲೆ ಎಂಟು ದಿನ ಅವಳ ಮಾತೆಲ್ಲ ಅರ್ಧಕ್ಕೇ ನಿಂತಿತು. ಕೊನೆ ಬಂತೆಂದರೆ ತುಟಿ ಕಚ್ಚಿಕೊಳ್ಳುವಳು. ನೋಡಿ ನೋಡಿ ಮಗಳು, "ಅಮ್ಮ ನುಂಗಿ ನುಂಗಿ ಹೊಟ್ಟೆ ಉಬ್ಬಿಸ್ಕೊಂಡಿದಾಳೆ, ಬಿಟ್ಬಿಡಪ್ಪಾ" ಎಂದಳು. ಬಿಟ್ಟೆ. ಬಿಟ್ಟೆ ಎಂದರೆ, ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. ಮೂವತ್ತೆಂಟು ವರ್ಷಗಳಲ್ಲಿ ಒಂದು ಸಲವಾದರೂ ಆ ಪ್ರಶ್ನೆಗೆ ಉತ್ತರ ಕೊಟ್ಟ ನೆನಪಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಅವಳು ಕತ್ತರಿಸುವ ಮೇಜಿನ ಬಳಿಯೇ ಕುಸಿದಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಮೂರನೆಯ ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಟ್ಟು, ಸ್ಪಷ್ಟವಾಗಿ, "ಏನಂತೀರಿ?" ಎಂದಳು. ಅದೊಂದೇ ಉಳಿದಿತ್ತು. ನೀರು ಬೇಕಾದರೂ ಅದೇ, ನೋವಾದರೂ ಅದೇ, ನನ್ನನ್ನು ಕರೆಯುವುದಕ್ಕೂ ಅದೇ. ಹೀಗಾಗುವುದುಂಟು, ತೀರ ರೂಢಿಯಾದ ಮಾತು ಮಾತ್ರ ಉಳಿದುಬಿಡುತ್ತದೆ, ಅದರ ಹಿಂದೆ ಏನಾದರೂ ಇರಬೇಕೆಂದಿಲ್ಲ ಎಂದು ವೈದ್ಯರು ವಿವರಿಸಿದರು. ದೇವರು ಎಲ್ಲವನ್ನೂ ಕಿತ್ತುಕೊಂಡು ನನಗೆ ಬೇಡವಾದದ್ದನ್ನೇ ಬಿಟ್ಟ ಎಂದು ಆ ದಿನ ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಅವನಲ್ಲಿ ಕ್ಷಮೆ ಕೇಳಿದ್ದೇನೆ.

ಎರಡು ವಾರದ ಮೇಲೆ ಬಲಗಾಲಿಗೆ ರಕ್ತ ಹರಿಯುವುದು ನಿಂತು ಪಾದ ಕಪ್ಪಾಯಿತು. ತೊಡೆಯ ನಡುವಿಗೆ ಕಾಲು ತೆಗೆಯದಿದ್ದರೆ ಹೆಚ್ಚು ದಿನ ಇಲ್ಲ, ತೆಗೆದರೂ ಉಳಿಯುವ ಭರವಸೆ ಕಡಿಮೆ, ಸಂಜೆಯೊಳಗೆ ತೀರ್ಮಾನ ಹೇಳಿ ಎಂದರು ವೈದ್ಯರು. ಮಗಳು ಬೇಡವೆಂದಳು. ಅಮ್ಮ ಇರುವಷ್ಟು ದಿನ ಹೆಚ್ಚಿನ ನೋವಿಲ್ಲದೆ ಇರಲಿ ಎಂಬುದು ಅವಳ ಆಸೆ. ನಾನು ಹಾಸಿಗೆಯ ಅಂಚಿನಲ್ಲಿ ಕುಳಿತು ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಏನನ್ನೂ ಮುಚ್ಚಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು. ನಾನು ಹೇಳಿ ಮುಗಿಸಿದ ಮೇಲೆ,

"ಏನಂತೀರಿ?" ಎಂದಳು.

"ಅದು ಸುಮ್ಮನೆ ಬರೋದಪ್ಪಾ," ಎಂದಳು ಮಗಳು. "ಅಮ್ಮ ನಿನ್ನನ್ನ ಕೇಳ್ತಾ ಇಲ್ಲ."

ಮಗಳ ಮಾತು ನಿಜವಿರಬಹುದು. ಆದರೆ ಹೆಂಡತಿಯ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ದೇವರೇ, ಇವಳಿಗೆ ಯಾವುದು ಹಿತವೋ ಅದನ್ನೇ ನನ್ನಿಂದ ನುಡಿಸು ಎಂದು ಬೇಡಿಕೊಂಡೆ. ಬಾಯಿಗೆ ಬಂದದ್ದು ನನಗೆ ಬೇಕಾದದ್ದು.

"ಕಾಲು ಹೋದರೆ ಹೋಗಲಿ ಅಂತೀನಿ," ಎಂದೆ. "ನೀನು ಇರಬೇಕು. ಒಬ್ಬನೇ ಇರೋದು ನನ್ನ ಕೈಲಿ ಆಗಲ್ಲ."

ಅವಳು ತೋಳು ಬಿಟ್ಟಳು. ನಾನು ಕಾಗದಕ್ಕೆ ಸಹಿ ಹಾಕಿದೆ.

ಆಮೇಲೆ ಹನ್ನೊಂದು ದಿನ ಇದ್ದಳು. ಗಾಯ ಕೂಡಲಿಲ್ಲ. ಕಟ್ಟು ಬಿಚ್ಚುವಾಗ ಅವಳು ನರಳುವುದು ವಾರ್ಡಿನ ಆ ತುದಿಗೂ ಕೇಳುತ್ತಿತ್ತು. ಮಗಳು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಉಳಿದಿದ್ದ ಒಂದು ಮಾತನ್ನೂ ಹೆಂಡತಿ ಮತ್ತೆ ಆಡಲಿಲ್ಲ. ಒಂದು ಮಧ್ಯಾಹ್ನ ಹೊದಿಕೆ ಸರಿಸಿ, ಉಳಿದ ತೊಡೆಯನ್ನು ಎಡಗೈಯ ಗೇಣಿನಲ್ಲಿ ಅಳೆದಳು. ಸೊಂಟದಿಂದ ಕಟ್ಟಿನವರೆಗೆ, ಗಿರಾಕಿಯ ಬಟ್ಟೆ ಅಳೆಯುವಾಗಿನ ಜಾಗರೂಕತೆಯಿಂದಲೇ, ಎರಡು ಸಲ. ಎರಡು ಸಲವೂ ಅಷ್ಟೇ ಬಂದಿರಬೇಕು. ಹೊದಿಕೆಯನ್ನು ಮೊದಲಿನಂತೆ ಎಳೆದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಕರೆದೆ. ತಿರುಗಲಿಲ್ಲ.