ಬಲಬದಿಯ ಮೆಟ್ಟಿಲು

ನಮ್ಮ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ರೈಲು ಇಂಜಿನ್ನಿನ ಮಾದರಿ ಮಾಡಲು ಕೂತವರು ಯಾವ ಇಂಜಿನ್ನು, ಅದರ ನಂಬರ್ ಎಷ್ಟು, ಯಾವ ವರ್ಷದ ರೂಪ ಎಂದು ಮೊದಲೇ ಹೇಳಿಬಿಡಬೇಕು. ಕಾರ್ಖಾನೆಯಿಂದ ಹೊರಬಿದ್ದ ರೂಪದಲ್ಲೇ ಯಾವ ಇಂಜಿನ್ನೂ ಸಾಯುವುದಿಲ್ಲ. ಇಪ್ಪತ್ತು ವರ್ಷ ದುಡಿಯುವಷ್ಟರಲ್ಲಿ ಚಿಮಣಿ ಬದಲಾಗಿರುತ್ತದೆ, ತಗಡಿಗೆ ತೇಪೆ ಬಿದ್ದಿರುತ್ತದೆ, ಹೊಸ ಕಾನೂನಿಗೆ ತಕ್ಕಂತೆ ಹೊಸ ಪೆಟ್ಟಿಗೆಗಳು ಬಂದು ಅಂಟಿಕೊಂಡಿರುತ್ತವೆ. ವಯಸ್ಸಾದವರು ಹಲ್ಲು ಕಟ್ಟಿಸಿಕೊಂಡು ಕನ್ನಡಕ ಹಾಕಿಕೊಂಡ ಹಾಗೆ. ಫೋಟೋದ ಆಧಾರವಿಲ್ಲದೆ ಒಂದು ರಿವೆಟ್ಟನ್ನೂ ಕೂರಿಸುವಂತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಪೈಕಿ ನಾವು. ಮೊಸರಲ್ಲಿ ಕಲ್ಲು ಹುಡುಕುವವರು ಎಂದು ಊರವರು ನಗುತ್ತಾರೆ. ನಗಲಿ. ಗಿರಣಿ ಯಂತ್ರಗಳ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವಳು ನಾನು, ಮ್ಯೂರಿಯಲ್ ಸಗ್ಡನ್. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ನನಗೆ ನಿದ್ದೆ ಬರುವುದಿಲ್ಲ.

ಹಾಗಾಗಿ ಮುಂದೆ ಹೇಳುವುದನ್ನು ನಾನೇ ಬೇರೆ ಯಾರ ಬಾಯಲ್ಲಾದರೂ ಕೇಳಿದ್ದರೆ, ಹೋಗಿ ಡಾಕ್ಟರಿಗೆ ತೋರಿಸಿಕೊಳ್ಳಿ ಎನ್ನುತ್ತಿದ್ದೆ.

ನಮ್ಮೂರು ಥಾರ್ನ್‌ಲೋದಲ್ಲಿ, ರೈಲು ಇಂಜಿನ್ನುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಲೋಕೋ ಶೆಡ್ ಇದ್ದ ಜಾಗದಲ್ಲಿ ಈಗ ಕಾರ್ಪೆಟ್ ಅಂಗಡಿ ಇದೆ. ನಮ್ಮಪ್ಪ ಹೆಡ್ಲಿ ಸಗ್ಡನ್ ಆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ೧೯೬೩ರ ನವೆಂಬರಿನಲ್ಲಿ ಒಂದು ಸಂಜೆ, ಮಂಜು ದಟ್ಟವಾಗಿದ್ದಾಗ, ರಾಲ್ಫ್ ಹಾಲ್ರಾಯ್ಡ್ ಎಂಬ ಫೈರ್‌ಮನ್, ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವನು, ನೀರು ತುಂಬಿಸಲು ಟೆಂಡರ್ ಮೇಲೆ ಹತ್ತಿದ. ಟೆಂಡರ್ ಎಂದರೆ ಇಂಜಿನ್ನಿನ ಬೆನ್ನಿಗೆ ಕಟ್ಟಿದ ಕಲ್ಲಿದ್ದಲು-ನೀರಿನ ಬಂಡಿ. ತುಂಬಿಸಿ ಮುಗಿಸಿ, ಹಿಂಬದಿಯ ಬಲಮೂಲೆಯಿಂದ ಇಳಿಯುವಾಗ ಬಿದ್ದ. ಕಲ್ಲಿನ ಅಂಚಿಗೆ ತಲೆ ಬಡಿದು ಅಲ್ಲೇ ಹೋದ. ಅವನಿಗೆ ಇಪ್ಪತ್ತಾರು ವರ್ಷ. ಆ ಮೂಲೆಯ ಮೆಟ್ಟಿಲು ಎರಡು ದಿನ ಮೊದಲು ಎಲ್ಲೋ ತಗುಲಿ ಸೊಟ್ಟಗಾಗಿತ್ತು. ಬಿಚ್ಚಿ, ನೆಟ್ಟಗೆ ಮಾಡಿ, ಮತ್ತೆ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಹಾಕಿದ್ದೇನೆ ಎಂದು ಅಪ್ಪ ಪುಸ್ತಕದಲ್ಲಿ ಸಹಿ ಮಾಡಿದ್ದ. ಮರುದಿನ ವಿಚಾರಣೆಗೆ ಬಂದವರು ನೋಡಿದಾಗ ಮೆಟ್ಟಿಲು ನಾಲ್ಕು ಬೋಲ್ಟುಗಳ ಮೇಲೆ ಗಟ್ಟಿಯಾಗಿಯೇ ಇತ್ತು. ರಾಲ್ಫನ ಚೀಲದಲ್ಲಿ ಖಾಲಿ ಬಿಯರ್ ಬಾಟಲಿ ಸಿಕ್ಕಿತು. ಕುಡಿದು ಬಿದ್ದ ಎಂದು ಬರೆದು ಮುಗಿಸಿದರು.

ಆಗ ನನಗೆ ಹದಿನೈದು. ಆ ಸಂಜೆ ಅಪ್ಪ ಮೂರು ಗಂಟೆ ತಡವಾಗಿ ಮನೆಗೆ ಬಂದ. ತಟ್ಟೆಯಲ್ಲಿದ್ದ ಹಂದಿಮಾಂಸದ ಕಡುಬು ಮುಟ್ಟಲಿಲ್ಲ. ಆಮೇಲೆ ಸಾಯುವ ತನಕ ಹಾಲ್ರಾಯ್ಡರ ಬೀದಿಯಲ್ಲಿ ಕಾಲಿಡಲಿಲ್ಲ. ಮೆಟ್ಟಿಲು ಆ ಹೊತ್ತಿಗೆ ಇತ್ತೋ ಇರಲಿಲ್ಲವೋ ಎಂಬ ಪ್ರಶ್ನೆ ಮೀನಿನ ಮುಳ್ಳಿನಂತೆ ನನ್ನ ಗಂಟಲಲ್ಲಿ ನಲವತ್ತು ವರ್ಷ ನಿಂತಿತ್ತು. ಅಪ್ಪನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ರಾಲ್ಫನ ತಮ್ಮ ಸೆಡ್ರಿಕ್ ನಮ್ಮ ಕ್ಲಬ್ಬಿನವನೇ. ಸ್ಟೇಷನ್ನಿನಲ್ಲಿ ಪೋರ್ಟರ್ ಆಗಿದ್ದು ನಿವೃತ್ತನಾದವನು, ಬಾಯಿ ಜೋರು, ಮನಸ್ಸು ಬೆಣ್ಣೆ. ಆ ವಿಷಯ ನಾವಿಬ್ಬರೂ ಒಂದು ದಿನವೂ ಎತ್ತಿದವರಲ್ಲ. ಹೋದ ಶರತ್ಕಾಲದಲ್ಲಿ ಅವನು ಒಂದು ಫೋಟೋ ತಂದು ನನ್ನ ಮೇಜಿನ ಮೇಲಿಟ್ಟ. ೧೯೫೭ರ ಬೇಸಿಗೆ. ಯುದ್ಧದ ಅವಸರಕ್ಕೆ ಕಟ್ಟಿದ, ಮುಂದೆ ರಾಲ್ಫ್ ಬಿದ್ದ ಅದೇ ಕೊಳಕು ಸರಕು ಇಂಜಿನ್ನು, ಕಿಟಕಿಯಿಂದ ಆಚೆ ಬಾಗಿ ನಗುತ್ತಿರುವ ರಾಲ್ಫ್.

"ಇವನು ನಗ್ತಿದ್ದ ಕಾಲದ ಇಂಜಿನ್ ಮಾಡ್ಕೊಡು ಮ್ಯೂರಿಯಲ್," ಎಂದ. "ಅದರಿಂದಾಚೆಗಿಂದು ನಂಗೆ ಬೇಡ."

ಅಕ್ಟೋಬರಿನಿಂದ ಫೆಬ್ರುವರಿವರೆಗೆ ಮಾಡಿದೆ. ಅಂಗೈ ಉದ್ದದ ಹಿತ್ತಾಳೆಯ ಇಂಜಿನ್ನು, ಕಪ್ಪು ಬಣ್ಣ, ಅದರ ಮೇಲೆ ಮಸಿ, ಅದರ ಮೇಲೆ ಸುಣ್ಣದ ನೀರಿನ ಕಲೆ. ೧೯೫೭ಕ್ಕೆ ಒಂದು ಎಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಒಣಗಲು ಇಟ್ಟೆ.

ಒಂದು ವಾರ ಕಳೆದು ಧೂಳು ಒರೆಸಲು ತೆಗೆದಾಗ ಅದರ ಮೈಮೇಲೆ ಬಿಳಿಯ ಪುಟ್ಟ ತಗಡುಗಳು ಕಂಡವು. ಕೆಂಪು ಮಿಂಚಿನ ಗುರುತಿನವು. ಮೇಲೆ ವಿದ್ಯುತ್ ತಂತಿ ಇದೆ, ಹತ್ತುವಾಗ ಹುಷಾರು ಎಂದು ಅರವತ್ತರ ಸುಮಾರಿಗೆ ಇಂಜಿನ್ನುಗಳಿಗೆಲ್ಲ ಹಚ್ಚಿದ್ದು. ೧೯೫೭ರ ಇಂಜಿನ್ನಿಗೆ ಅವನ್ನು ಹಚ್ಚುವುದೆಂದರೆ ನಮ್ಮವರ ನಡುವೆ ಬಟ್ಟೆಯಿಲ್ಲದೆ ಬೀದಿಗೆ ಬಂದಷ್ಟು ಅವಮಾನ. ಸೆಡ್ರಿಕ್‌ಗೆ ಫೋನ್ ಮಾಡಿ, ಯಾವ ಮಾಯದಲ್ಲಿ ಬಂದು ಅಂಟಿಸಿ ಹೋದೆ, ಹರೆಯದ ಚೇಷ್ಟೆ ಇನ್ನೂ ಹೋಗಿಲ್ಲವೇ ಎಂದು ಚೆನ್ನಾಗಿ ಬೈದೆ.

"ನನ್ನ ಕೈ ನೋಡಿದೀಯಾ ಮಾರಾಯ್ತಿ?" ಎಂದ ಅವನು. "ಟೀ ಕಪ್ ಹಿಡಿಯೋಕೇ ಎರಡು ಕೈ ಬೇಕು. ನಾನೆಲ್ಲಿ ಅಕ್ಕಿಕಾಳಷ್ಟು ತಗಡು ಅಂಟಿಸ್ಲಿ?"

ಕೆರೆದು ತೆಗೆಯಲು ಚಾಕು ಹಿಡಿದೆ. ತಗಡು ಏಳಲಿಲ್ಲ. ಅದು ಅಂಟಿಸಿದ್ದಲ್ಲ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ಮೈಗೆ ಮೈಯಾಗಿ ಕೂತಿತ್ತು.

ಮುಂದಿನ ವಾರ ಟೆಂಡರಿನ ಎಡಪಕ್ಕದಲ್ಲಿ ತೇಪೆ ಬಂತು. ಭೂತಗನ್ನಡಿ ಹಿಡಿದು ಎಣಿಸಿದೆ. ಹನ್ನೊಂದು ರಿವೆಟ್ಟು, ನಾಲ್ಕನೆಯದು ಓರೆ. ಅಂಥ ತೇಪೆ ಆ ಇಂಜಿನ್ನಿಗೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹದಿನೈದು ದಿನದ ನಂತರ ಹ್ಯಾಲಿಫ್ಯಾಕ್ಸಿನಲ್ಲಿ ಹಳೆಯ ಫೋಟೋ ಮಾರುವವನ ಪೆಟ್ಟಿಗೆ ಕೆದಕುವಾಗ ಅದೇ ನಂಬರಿನ ಇಂಜಿನ್ನು ಸಿಕ್ಕಿತು. ಹಿಂದೆ ಪೆನ್ಸಿಲಿನಲ್ಲಿ ೧೯೬೧ ಎಂದು ಬರೆದಿತ್ತು. ಟೆಂಡರಿನ ಎಡಪಕ್ಕದಲ್ಲಿ ತೇಪೆ, ಹನ್ನೊಂದು ರಿವೆಟ್ಟು, ನಾಲ್ಕನೆಯದು ಓರೆ. ಮಾರುವವನು ಏನಾಯಿತು ತಾಯಿ, ಕೂತುಕೊಳ್ಳಿ ಎಂದು ಸ್ಟೂಲು ಕೊಟ್ಟ.

ಅಲ್ಲಿಂದಾಚೆಗೆ ಹೆದರುತ್ತಲೇ ಬೀರು ತೆರೆಯುತ್ತಿದ್ದೆ. ಕಾದು ಕೂತು ನೋಡಿದೆ. ಕಣ್ಣು ನೆಟ್ಟಿರುವ ತನಕ ಏನೂ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಟೀ ಬಸಿದುಕೊಂಡು ಬರುವಷ್ಟರಲ್ಲಿ ಚಾಲಕ ನಿಲ್ಲುವ ಜಾಗದ ಕೆಳಗೆ ಬ್ಯಾಟರಿ ಪೆಟ್ಟಿಗೆ ಬಂದು ಕೂತಿರುತ್ತಿತ್ತು, ಇಲ್ಲವೇ ನಾನು ಅಂಟಿಸಿದ್ದ ಕಲ್ಲಿದ್ದಲು ಅರ್ಧ ಇಳಿದಿರುತ್ತಿತ್ತು. ಬೆಳಿಗ್ಗೆ ಕೈಗೆತ್ತಿಕೊಂಡರೆ ಬೆಚ್ಚಗಿರುತ್ತಿತ್ತು. ಕುಲಾವಿ ಹಾಕಿಟ್ಟ ಟೀ ಪಾತ್ರೆಯಷ್ಟು ಬಿಸಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆ. ಬದಲಾವಣೆ ಒಂದೂ ಹಿಂದುಮುಂದಾಗಲಿಲ್ಲ. ಅರವತ್ತು, ಅರವತ್ತೊಂದು, ಅರವತ್ತೆರಡು. ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕಿದ ಹಾಗೆ ನಾನು ಅದರ ಮುಪ್ಪನ್ನು ಗುರುತು ಹಾಕುತ್ತಾ ಹೋದೆ. ಸೆಡ್ರಿಕ್‌ಗೆ ಮಾತ್ರ, ಬಣ್ಣ ಇನ್ನೂ ಒಣಗಿಲ್ಲ, ಬರಬೇಡ ಎಂದು ಸುಳ್ಳು ಹೇಳುತ್ತಾ ಬಂದೆ.

ಏಪ್ರಿಲಿನ ಒಂದು ಮಂಗಳವಾರ ನೋಡಿದರೆ, ಟೆಂಡರಿನ ಹಿಂದೆ ಬಲಮೂಲೆಯ ಮೆಟ್ಟಿಲು ಸೊಟ್ಟಗಾಗಿತ್ತು.

ಅದು ಎಲ್ಲಿಗೆ ಹೊರಟಿದೆ ಎಂದು ನನ್ನ ಮನಸ್ಸಿಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೆ. ಇನ್ನು ಎರಡು ದಿನ. ನಾನು ಅಪ್ಪನನ್ನು ಕೇಳದೆ ಬಿಟ್ಟದ್ದಕ್ಕೆ ಇದು ಉತ್ತರ ಕೊಡಲಿದೆ. ತೆಗೆದು ಕಸದ ಡಬ್ಬಿಗೆ ಹಾಕೋಣ ಎನಿಸಿತು. ಅಪ್ಪ ಒಳ್ಳೆಯವನು. ನನಗೆ ಪೆನ್ಸಿಲ್ ಕೆತ್ತುವುದನ್ನು ಕಲಿಸಿದವನು, ಬೆಸುಗೆ ಹಾಕುವುದನ್ನು ಕಲಿಸಿದವನು, ಅಮ್ಮನ ಕಡೇ ಕಾಯಿಲೆಯಲ್ಲಿ ಅವಳ ತಲೆ ಬಾಚುತ್ತಿದ್ದವನು. ಮೆಟ್ಟಿಲು ಇದ್ದರೆ ಅವನ ಹೆಸರು ಉಳಿಯುತ್ತದೆ. ಇಲ್ಲದಿದ್ದರೆ, ಸತ್ತ ಹುಡುಗನ ಮೇಲೆ ಕುಡುಕ ಎಂಬ ಹೆಸರು ಹೊರಿಸಿ ಅವನು ಸುಮ್ಮನೆ ಬದುಕಿದ ಎಂದಾಗುತ್ತದೆ. ಬುಧವಾರವಿಡೀ ಬೀರುವಿನ ಮೇಲೆ ಮೇಜುಬಟ್ಟೆ ಹೊದಿಸಿ ಅಡುಗೆಮನೆಯಲ್ಲೇ ಕೂತೆ.

ಗುರುವಾರ ಬೆಳಿಗ್ಗೆ ಹೊರಗೆ ಒಳ್ಳೆಯ ಬಿಸಿಲಿತ್ತು. ಮುಂದಿನ ಕೋಣೆಯ ಕಿಟಕಿಗಳಿಗೆ ಮಾತ್ರ ಒಳಗಿನಿಂದ ಮಂಜು ಹಿಡಿದಿತ್ತು. ಕಲ್ಲಿದ್ದಲಿನ ಹೊಗೆಯ ವಾಸನೆ. ನಮ್ಮ ಮನೆಯಲ್ಲಿ ಕಲ್ಲಿದ್ದಲು ಉರಿಸದೆ ಮೂವತ್ತು ವರ್ಷವಾಗಿದೆ. ಬಟ್ಟೆ ಸರಿಸಿದೆ. ಟೆಂಡರಿನ ಮೇಲಿನ ನೀರಿನ ಮುಚ್ಚಳ ತೆರೆದಿತ್ತು. ನಾನೇ ಬೆಸುಗೆ ಹಾಕಿ ಮುಚ್ಚಿದ್ದ ಮುಚ್ಚಳ ಅದು. ಒಳಗೆ ಅಂಚಿನವರೆಗೂ ನೀರು ತುಂಬಿತ್ತು, ಒಂದೊಂದೇ ಹನಿ ಹಿಂಬದಿಯಿಂದ ಇಳಿಯುತ್ತಿತ್ತು. ಬಲಮೂಲೆಯಲ್ಲಿ ನಾಲ್ಕು ತೂತುಗಳಿದ್ದವು. ಮೆಟ್ಟಿಲು ಇರಲಿಲ್ಲ.

ನೀರು ತುಂಬಿಸಿಯಾಗಿದೆ. ಇಳಿಯುವುದೊಂದೇ ಬಾಕಿ. ಅವನು ಕಾಲು ಚಾಚಿ ಹುಡುಕಿದ ಜಾಗದಲ್ಲಿ ಏನೂ ಇರಲಿಲ್ಲ. ಆಮೇಲೆ, ಜನ ಹೆಣದ ಸುತ್ತ ಸೇರಿದ್ದಾಗಲೋ ಎಲ್ಲರೂ ಹೋದ ಮೇಲೋ, ಅಪ್ಪ ಆ ಮಂಜಿನಲ್ಲಿ ಸ್ಪ್ಯಾನರ್ ಹಿಡಿದು ಬಂದಿದ್ದಾನೆ.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನೀರು ಚೆಲ್ಲಿದೆ, ಒರೆಸಿದೆ, ಮುಚ್ಚಳ ಒತ್ತಿದೆ. ಹಿತ್ತಾಳೆಯ ಚೂರು ಕತ್ತರಿಸಿ ಮೆಟ್ಟಿಲು ಮಾಡಿ, ನಾಲ್ಕು ತೂತಿಗೂ ಬೆಸುಗೆ ತುಂಬಿ ಕೂರಿಸಿದೆ, ಬಣ್ಣ ಹಚ್ಚಿದೆ. ಆಮೇಲೆ ಸೆಡ್ರಿಕ್‌ಗೆ ಫೋನ್ ಮಾಡಿ, ಆಗಿದೆ ಬಾ ಎಂದೆ.

ಎರಡು ಗಂಟೆಗೆ ಬಂದ. ಕೋಟು ಕೂಡ ಬಿಚ್ಚದೆ ಇಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಿಳಿ ತಗಡು ನೋಡಿದ, ತೇಪೆ ನೋಡಿದ, ಪೆಟ್ಟಿಗೆ ನೋಡಿದ. ಮುಖದಲ್ಲಿದ್ದ ನಗು ಇಳಿಯಿತು.

"ಇದು ಐವತ್ತೇಳರದ್ದಲ್ಲ," ಎಂದ. "ಇದು ಕಡೇ ದಿನದ್ದು."

ಅವನು ನಿಧಾನವಾಗಿ ತಿರುಗಿಸಿ ಬಲಮೂಲೆಗೆ ಬಂದ. ಬಹಳ ಹೊತ್ತು ನೋಡಿದ.

"ಮೆಟ್ಟಿಲು ಇದೆ," ಎಂದ. "ಸರಿ ಹಾಗಾದ್ರೆ. ಅಮ್ಮ ಸಾಯೋವರೆಗೂ ಅದೊಂದೇ ಹಾಡು ಹಾಡ್ತಿದ್ಲು. ನನ್ನ ಮಗ ಡ್ಯೂಟಿ ಮೇಲೆ ಕುಡಿಯೋನಲ್ಲ, ಆ ಬಾಟಲೀಲಿ ನಾನೇ ಟೀ ತುಂಬಿಸಿ ಕಳಿಸಿದ್ದು, ಅಲ್ಲಿ ಮೆಟ್ಟಿಲೇ ಇರ್ಲಿಲ್ಲ ಅಂತ. ಚರ್ಚಿಂದ ಬಂದೋರ ಮುಂದೇನೇ ನಾನು ಗದರಿಸಿ ಬಾಯಿ ಮುಚ್ಚಿಸಿದ್ದೆ. ನಿನ್ನ ಮಗ ಕುಡುಕ, ಒಪ್ಕೋ ಅಂದಿದ್ದೆ. ನಾನು ಹೇಳಿದ್ದು ಸುಳ್ಳಲ್ಲ ಅಂತಾಯ್ತು ಬಿಡು."

ತಾನು ಹೇಳಿದ್ದು ಸುಳ್ಳಾಗಲಿ ಎಂದು ನಲವತ್ತು ವರ್ಷ ಕಾದವನ ದನಿ ಅದು. ಅದನ್ನು ಕೇಳಿಯೂ ಸುಮ್ಮನಿದ್ದರೆ ನಾನು ಹೆಡ್ಲಿ ಸಗ್ಡನ್ನನ ಮಗಳು ಹೌದು, ಮನುಷ್ಯಳಲ್ಲ. ಅವನ ಕೈಯಿಂದ ಇಂಜಿನ್ನು ತೆಗೆದುಕೊಂಡು ಇಕ್ಕಳದಿಂದ ಮೆಟ್ಟಿಲು ಹಿಡಿದೆ. ಸುತ್ತಿಗೆಯಿಂದ ಬಡಿದರೂ ಬಿಡಬಾರದ ಬೆಸುಗೆ ಅದು. ಮುಟ್ಟಿದ್ದೇ ತಡ, ಕಳಚಿ ಬಂತು.

"ಇರಲಿಲ್ಲ ಸೆಡ್ರಿಕ್. ಇದನ್ನ ನಾನು ಇವತ್ತು ಬೆಳಿಗ್ಗೆ ಹಾಕಿದ್ದು. ಅವತ್ತಿನ ಮೆಟ್ಟಿಲನ್ನ ನಮ್ಮಪ್ಪ ಹಾಕಿದ್ದು, ರಾಲ್ಫ್ ಬಿದ್ದ ಮೇಲೆ."

ಅವನು ನನ್ನ ಮುಖ ನೋಡಿದ. ಎಷ್ಟಾದರೂ ನಮ್ಮ ಕ್ಲಬ್ಬಿನವನು. ಫೋಟೋ ಇದೆಯಾ ಎಂದು ಕೇಳಿದ. ಇಲ್ಲ ಎಂದೆ. ನೋಟ್‌ಬುಕ್ಕನ್ನು ಅವನ ಮುಂದಿಟ್ಟು, ಫೆಬ್ರುವರಿಯಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವನು ಕೇಳುತ್ತಲೇ ಆ ಖಾಲಿ ಮೂಲೆಯ ಮೇಲೆ ಹೆಬ್ಬೆರಳು ಇಟ್ಟ. ತೆಗೆದಾಗ ಬೆರಳು ಒದ್ದೆಯಾಗಿತ್ತು. ನಾನು ಒರೆಸಿ ಒಣಗಿಸಿದ್ದ ಟೆಂಡರು ಅದು. ಅವನು ಬೆರಳನ್ನು ಮೂಗಿಗೆ ಹಿಡಿದು ಮೂಸಿದ, ಸ್ಟೇಷನ್ನಿನಲ್ಲಿ ದುಡಿದವರಿಗೆ ಗೊತ್ತಿರುವ, ಇಂಜಿನ್ನಿನ ಮಸಿ ಬೆರೆತ ನೀರಿನ ವಾಸನೆ ಇರಬೇಕು, ಕುರ್ಚಿಗೆ ಕುಸಿದು ಕೂತ.

"ಅಮ್ಮ ಹೋಗ್ಬಿಟ್ಳಲ್ಲ," ಎಂದ. "ಇನ್ಯಾರಿಗೆ ಹೇಳ್ಲಿ ನಾನು ಇದನ್ನ?"

ಅಳುವುದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ. ನನಗೂ ಆಗಲಿಲ್ಲ.

ಈಸ್ಟರಿನ ಶನಿವಾರ ಚರ್ಚಿನ ಹಾಲಿನಲ್ಲಿ ನಮ್ಮ ಕ್ಲಬ್ಬಿನ ಪ್ರದರ್ಶನ. ಥಾರ್ನ್‌ಲೋ ಶೆಡ್ಡಿನ ಮಾದರಿಯನ್ನು ಉದ್ದ ಮೇಜಿನ ಮೇಲೆ ಜೋಡಿಸಿದ್ದೆವು. ಸೆಡ್ರಿಕ್ ಆ ಇಂಜಿನ್ನನ್ನು ತಂದು, ಇಂಜಿನ್ನುಗಳನ್ನು ತಿರುಗಿಸುವ ದುಂಡು ಹಳಿಯ ಮೇಲೆ ಇಟ್ಟ. ಅದು ಈಗ ತಣ್ಣಗಿತ್ತು, ಅವತ್ತಿನಿಂದ ಒಂದು ಚೂರೂ ಬದಲಾಗಿರಲಿಲ್ಲ. ಅವನು ಹಿಡಿಕೆ ತಿರುಗಿಸುತ್ತಾ ಹೋಗಿ, ನೋಡುವ ಜನರ ಕಡೆಗೆ ಬಲಮೂಲೆ ಬಂದಾಗ ನಿಲ್ಲಿಸಿ, ನನ್ನ ಪಕ್ಕ ಬಂದು ನಿಂತ.

ಹತ್ತು ನಿಮಿಷವೂ ಆಗಿರಲಿಲ್ಲ. ಲೀಡ್ಸ್ ಕಡೆಯ ಒಬ್ಬ ಮಳೆಕೋಟಿನ ಮನುಷ್ಯ, ನಮ್ಮಂಥವನೇ, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಬಹಳ ಚೆನ್ನಾಗಿದೆ ಮೇಡಂ, ಆದರೆ ಈ ಬದಿಯ ಮೆಟ್ಟಿಲು ಎಲ್ಲೋ ಬಿದ್ದುಹೋಗಿದೆ ನೋಡಿ ಎಂದ. ಸುತ್ತ ನಿಂತವರು, ಶೆಡ್ಡಿನಲ್ಲಿ ದುಡಿದ ಮುದುಕರು ನಾಲ್ಕೈದು ಜನ, ನನ್ನ ಕಡೆ ತಿರುಗಿದರು.

"ಬಿದ್ದಿಲ್ಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ರಾಲ್ಫ್ ಹಾಲ್ರಾಯ್ಡ್ ಸತ್ತ ಸಂಜೆ ಈ ಇಂಜಿನ್ ಹೀಗೇ ಇತ್ತು. ಅವನು ಕುಡಿದಿರಲಿಲ್ಲ. ಮೆಟ್ಟಿಲು ಹಾಕದೇ ಕಳಿಸಿದ್ದು ಹೆಡ್ಲಿ ಸಗ್ಡನ್, ನಮ್ಮಪ್ಪ."